ನೋಡಲೂ ಬೇಕು, ಓಡಿಸಲೂ ಬೇಕು: ಸ್ಕೇಟ್ ಪಾರ್ಕಿಗೆ ಕಲಾಕೃತಿ ಮಾಡಿಸುವ ಬಗೆ

ಸ್ಕೇಟ್ ಪಾರ್ಕ್ ಅಂದರೆ ಚಕ್ರದ ಹಲಗೆ, ಅಂದರೆ ಸ್ಕೇಟ್‌ಬೋರ್ಡ್, ಓಡಿಸಲು ಕಟ್ಟಿದ ಜಾಗ. ಅದನ್ನು ಕಟ್ಟಿ ಮುಗಿದ ಮೇಲೆ ಉಳಿದ ದುಡ್ಡಿನಲ್ಲಿ ಒಂದು ಶಿಲ್ಪ ತರುತ್ತಾರೆ. ಮೂಲೆಯಲ್ಲಿ ನಿಲ್ಲಿಸಿ, ಸುತ್ತ ಬೇಲಿ ಹಾಕಿ, 'ಮುಟ್ಟಬಾರದು' ಅಂತ ಬರೆಸುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಸ್ಕೇಟ್ ಪಾರ್ಕಿನ ಕಲೆ ಇರುವುದೇ ಮುಟ್ಟುವುದಕ್ಕೆ. ಸ್ಕೇಟ್‌ಬೋರ್ಡ್ ಅದರ ಮೇಲೆ ಹತ್ತಬೇಕು, ಅಂಚಿನ ಮೇಲೆ ಜಾರಬೇಕು.

ಇದು ಆಗದ ಕೆಲಸವೇನಲ್ಲ. ಲಿವರ್‌ಪೂಲಿನ ಎವರ್ಟನ್ ಪಾರ್ಕಿನಲ್ಲಿ ಕಲಾವಿದರಾದ ಕೂ ಜಂಗ್ ಆ ಅವರ 'ಎವರ್ಟ್ರೊ' 2015ರಲ್ಲಿ ತೆರೆಯಿತು. ಅದು ಕತ್ತಲಲ್ಲಿ ಹೊಳೆಯುವ ಸ್ಕೇಟ್ ಪಾರ್ಕ್. ಸ್ವೀಡನ್ನಿನ ಮಾಲ್ಮೊ ನಗರ 2018ರಲ್ಲಿ ಅಲೆಕ್ಸಿಸ್ ಸಬ್ಲೋನ್ ಅವರಿಂದ ಒಂದು ಚೌಕಕ್ಕೆ ಶಿಲ್ಪ ಮಾಡಿಸಿತು. ಮೇಲಿಂದ ನೋಡಿದರೆ ಮುಖ, ನೆಲದ ಮೇಲೆ ನಿಂತರೆ ಓಡಿಸುವ ಜಾಗ. ಸಬ್ಲೋನ್ ವಾಸ್ತುಶಿಲ್ಪ ಓದಿದವರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡ್ ಓಡಿಸಿದವರು. ಎರಡೂ ಗೊತ್ತಿರುವ ಇಂಥವರು ಎಲ್ಲ ಊರಲ್ಲೂ ಸಿಗುವುದಿಲ್ಲ. ಹಾಗಾಗಿ ಆ ಎರಡು ತಿಳಿವಳಿಕೆಯನ್ನು ನಾವೇ ಒಂದೆಡೆ ಸೇರಿಸಬೇಕು.

ಮೊದಲು: ಪಾರ್ಕಿನ ನಕ್ಷೆ ಮಾಡುವವರನ್ನು ಗೊತ್ತು ಮಾಡುವ ಹೊತ್ತಿಗೇ ಕಲಾವಿದರನ್ನೂ ಗೊತ್ತು ಮಾಡಿ. ಚರಂಡಿ ಎಲ್ಲಿ ಅಂತ ತೀರ್ಮಾನವಾದ ಮೇಲೆ ಅವರನ್ನು ಕರೆದರೆ ಉಳಿಯುವುದು ಆ ಮೂಲೆ ಮಾತ್ರ.

ಆಮೇಲೆ: ಓಡಿಸುವವರನ್ನು ಹುಡುಕಿ. ನಮ್ಮ ಕಡೆ ಸ್ಕೇಟಿಂಗ್ ಅಂದರೆ ತುಂಬಾ ಅಧಿಕಾರಿಗಳಿಗೆ ಕಾಲಿಗೆ ಚಕ್ರ ಕಟ್ಟಿಕೊಂಡು ಸುತ್ತುವ ಮಕ್ಕಳೇ ನೆನಪಾಗುವುದು. ಸ್ಕೇಟ್‌ಬೋರ್ಡಿಗೆ ಬೇಕಾದ್ದು ಬೇರೆ. ಬೆಂಗಳೂರಿನ ಹೋಲಿಸ್ಟೋಕ್ಡ್ ಬಳಗದಂಥವರು ಓಡಿಸುತ್ತಾರೆ, ಪಾರ್ಕನ್ನೂ ಕಟ್ಟುತ್ತಾರೆ. ಆಯ್ಕೆ ಸಮಿತಿಯಲ್ಲಿ ಇಂಥವರು ಕನಿಷ್ಠ ಇಬ್ಬರು ಇರಲಿ, ಒಬ್ಬಳಾದರೂ ಹುಡುಗಿ ಇರಲಿ. ಅವರಿಗೆ ಮತವೂ ಇರಲಿ. ಸುಮ್ನೆ ಅಭಿಪ್ರಾಯ ಕೇಳಿ ಕಳಿಸುವುದು ಸಾಲದು.

ಆಯ್ಕೆ: ಪಾಲಿಕೆಯ ಕೆಲಸಕ್ಕೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯವಾಗುತ್ತದೆ. ಕಲೆ, ಕಟ್ಟಡ ಎರಡನ್ನೂ ಒಂದೇ ಟೆಂಡರಿಗೆ ಸೇರಿಸಿದರೆ ಕಡಿಮೆ ದರ ಹಾಕಿದವರು ಗೆಲ್ಲುತ್ತಾರೆ, ಶಿಲ್ಪ ಲೆಕ್ಕಕ್ಕೇ ಬರುವುದಿಲ್ಲ. ವಿನ್ಯಾಸದ ಕೆಲಸವನ್ನು ಬೇರೆ ಮಾಡಿ, ಗುಣ ನೋಡಿ ಆರಿಸಿ. ಹಳೆಯ ಕೆಲಸ ನೋಡಿ ಮೂವರನ್ನು ಆರಿಸಿಕೊಂಡು, ಮೂವರಿಗೂ ದುಡ್ಡು ಕೊಟ್ಟೇ ಪ್ರಸ್ತಾವನೆ ಬರೆಸಿ. ಪುಕ್ಕಟೆ ಚಿತ್ರ ಕೇಳಬೇಡಿ, ಅದು ಅನ್ಯಾಯ. ಕಟ್ಟುವ ಗುತ್ತಿಗೆದಾರರು ಬಾಗಿದ ಕಾಂಕ್ರೀಟ್ ಮಾಡಿದ ಅನುಭವ ತೋರಿಸಬೇಕು ಅಂತ ಷರತ್ತು ಹಾಕಿ.

ಮರದ ಮಾದರಿ: ಹೆಚ್ಚಿನವರು ಎಡವುವುದು ಇಲ್ಲೇ. ಕಂಪ್ಯೂಟರ್ ಪರದೆಯ ಮೇಲೆ ಎಲ್ಲ ಶಿಲ್ಪವೂ ಚಂದ. ಅದನ್ನು ನೋಡಿ ಸಹಿ ಹಾಕಬೇಡಿ. ನಿಜವಾದ ಅಳತೆಯಲ್ಲಿ ಮರದ ಮಾದರಿ ಮಾಡಿಸಿ. ಇದಕ್ಕೆ ಖರ್ಚಾಗುತ್ತದೆ, ಆಗಲಿ. ಗಟ್ಟಿಯಾದ ಕಾಂಕ್ರೀಟನ್ನು ಒಡೆದು ಮತ್ತೆ ಕಟ್ಟುವ ಖರ್ಚು ಇದಕ್ಕಿಂತ ಎಷ್ಟೋ ಜಾಸ್ತಿ.

ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಏರುವ ಮುನ್ನ ವೇಗ ಪಡೆಯಲು 5–6 ಮೀಟರ್ ಖಾಲಿ ನೆಲ ಬೇಕು, ಇಳಿದ ಮೇಲೆ ಅಷ್ಟೇ ಬೇಕು. ಚಂದದ ಶಿಲ್ಪದ ಮುಂದೆಯೇ ಕಂಬ, ಗಿಡದ ಕಟ್ಟೆ ಬಂದು ಕೂತಿರುವುದು ಇಲ್ಲೇ ಗೊತ್ತಾಗುತ್ತದೆ. ಆಮೇಲೆ ಪಕ್ಕೆಲುಬಿನಂತೆ ಮರದ ಪಟ್ಟಿ ನಿಲ್ಲಿಸಿ, ತೆಳು ಪ್ಲೈವುಡ್ಡನ್ನು ಎರಡು ಪದರ ಬಗ್ಗಿಸಿ ಹೊಡೆಯಿರಿ. 90 ಸೆಂ.ಮೀ. ಎತ್ತರದ ಏರಿಗೆ ಸುಮಾರು 1.8 ಮೀಟರ್ ತ್ರಿಜ್ಯದ ಬಾಗು ಹಿತವಾಗಿರುತ್ತದೆ. ಅದಕ್ಕಿಂತ ತೀರಾ ಬಿಗಿಯಾದರೆ ಕಲಿಯುವವರನ್ನು ಅದು ಹಿಂದಕ್ಕೆ ಎಸೆಯುತ್ತದೆ. ಜಾರುವ ಕಟ್ಟೆ ಎಲ್ಲ ಒಂದೇ ಎತ್ತರ ಬೇಡ. 25 ಸೆಂ.ಮೀ.ನಿಂದ 45ರವರೆಗೆ ಏರುತ್ತಾ ಹೋದರೆ ಹೊಸಬರಿಗೂ ಪಳಗಿದವರಿಗೂ ಜಾಗ ಸಿಗುತ್ತದೆ.

ಈಗ ಓಡಿಸುವವರನ್ನು ಕರೆದು ಬಿಟ್ಟುಬಿಡಿ. ಕಲಾವಿದರು ಪಕ್ಕದಲ್ಲಿ ಕೂತು ನೋಡಲೇಬೇಕು. ಯಾವ ಬದಿಗೆ ಯಾರೂ ಹೋಗುವುದಿಲ್ಲ? ಆ ಬದಿಯಿಂದ ಬರುವವರು ಈ ಬದಿಯವರಿಗೆ ಕಾಣುತ್ತಾರಾ? ಪುಟ್ಟ ಮಕ್ಕಳು ಹೋಗಿ ಕೂರುವುದು ಎಲ್ಲಿ? ಅದು ಇಳಿಯುವ ಜಾಗವೇ ಆಗಿದ್ದರೆ ರೂಪ ಬದಲಿಸಿ. ಬೆಳಿಗ್ಗೆ ಒಮ್ಮೆ, ಸಂಜೆ ಗದ್ದಲದಲ್ಲಿ ಒಮ್ಮೆ ಹೀಗೆ ನೋಡಿ. ತಿದ್ದಿ, ಮತ್ತೆ ಓಡಿಸಿ. ಯುರೋಪಿನಲ್ಲಿ ಸ್ಕೇಟ್ ಪಾರ್ಕಿನ ಸುರಕ್ಷತೆಗೆ ಇಎನ್ 14974 ಎಂಬ ಮಾನದಂಡ ಇದೆ. ಎಂಜಿನಿಯರಿಗೆ ಅದನ್ನು ಓದಲು ಹೇಳಿ. ಆದರೆ ಅದನ್ನು ಪಾಲಿಸಿದ ಮಾತ್ರಕ್ಕೆ ಓಡಿಸಲು ಚೆನ್ನಾಗಿರುತ್ತದೆ ಅಂತೇನಿಲ್ಲ, ಅದಕ್ಕೆ ಈ ಮಾದರಿಯೇ ಬೇಕು.

ಅಂಚು ಮತ್ತು ಮೈ: ಬೋರ್ಡಿನ ಚಕ್ರ ಸಾಮಾನ್ಯವಾಗಿ 50–54 ಮಿ.ಮೀ. ಸಣ್ಣ ಬಿರುಕು ಸಾಕು, ಮುಗ್ಗರಿಸುತ್ತದೆ. ಆದ್ದರಿಂದ ಮೈ ನುಣುಪಾಗಿರಲಿ, ಓಡುವ ದಾರಿಯಲ್ಲಿ ಜೋಡಣೆ ಗೆರೆ ಬರದಿರಲಿ. ಬರೀ ಕಾಂಕ್ರೀಟಿನ ಅಂಚು ಬೇಗ ಉದುರುತ್ತದೆ. ಉಕ್ಕಿನ ಪಟ್ಟಿಯನ್ನು ಕಾಂಕ್ರೀಟ್ ಸುರಿಯುವ ಮೊದಲೇ ಒಳಗೆ ಕೂರಿಸಿ. ಆಮೇಲೆ ಬೋಲ್ಟ್ ಹಾಕಿದ ಪಟ್ಟಿ ಸಡಿಲವಾಗಿ ಏಳುತ್ತದೆ. ಕಟ್ಟೆಗಳಿಗೆ ಮಾತ್ರ ಉಕ್ಕಿಗಿಂತ ನನಗೆ ಗ್ರಾನೈಟೇ ಇಷ್ಟ. ನಮ್ಮ ಸಾದಹಳ್ಳಿ ಕಲ್ಲನ್ನು ನುಣ್ಣಗೆ ಕೊಯ್ದು, ಅಂಚನ್ನು ಚೂರು ಉಜ್ಜಿ ಕೂರಿಸಿದರೆ ಅದಕ್ಕಿಂತ ಒಳ್ಳೆಯ ಜಾರುಕಟ್ಟೆ ಬೇರೆ ಬೇಡ. ಬೆಂಕಿ ಕೊಟ್ಟು ಒರಟು ಮಾಡಿದ ಕಲ್ಲು ಇದಕ್ಕೆ ಆಗುವುದಿಲ್ಲ.

ಬಣ್ಣ ಬಳಿಯಬೇಡಿ. ಹೊಳೆಯುವ ಎಪಾಕ್ಸಿ ಬಣ್ಣವನ್ನಂತೂ ಹತ್ತಿರಕ್ಕೂ ಸೇರಿಸಬೇಡಿ. ಒದ್ದೆಯಾದರೆ ಜಾರುತ್ತದೆ, ಆಮೇಲೆ ಚಕ್ಕೆ ಏಳುತ್ತದೆ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಿದ್ದೀರಲ್ವಾ? ಅದೇ ಬಗೆಯ ಆಕ್ಸೈಡನ್ನು ಕಾಂಕ್ರೀಟಿಗೇ ಕಲಸಿ. ಸವೆದರೂ ಬಣ್ಣ ಹೋಗುವುದಿಲ್ಲ. ರೆಡಿಮೇಡ್ ತಗಡಿನ ರ‍್ಯಾಂಪ್ ಅಗ್ಗ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದು ಜಾಸ್ತಿ, ತುಕ್ಕು ಹಿಡಿಯುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಅದರ ಮೇಲೆ ಕೈ ಇಡಲೂ ಆಗುವುದಿಲ್ಲ.

ನೀರು ಹರಿಯಲು 100ಕ್ಕೆ 1ರಷ್ಟು ಇಳಿಜಾರು, ತಗ್ಗಿನಲ್ಲಿ ಚರಂಡಿ. ಕಾಂಕ್ರೀಟಿಗೆ ತಪ್ಪದೆ ನೀರುಣಿಸಿ, 28 ದಿನ ಬಿಡಿ. ಉದ್ಘಾಟನೆಯ ದಿನ ಗೊತ್ತಾಗಿದೆ ಅಂತ ಇದನ್ನು ಮೊಟಕು ಮಾಡಬೇಡಿ.

ಒಪ್ಪಂದ: ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೆ ಕಿತ್ತರು. 2005ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಅವರಿಗೆ ವಾಪಸ್ ಕೊಡಿಸಿ, 5 ಲಕ್ಷ ರೂಪಾಯಿ ಪರಿಹಾರಕ್ಕೂ ಆದೇಶಿಸಿತು. ತಮ್ಮ ಕೃತಿಗೆ ಹಾನಿ ಮಾಡಿದರೆ ಪ್ರಶ್ನಿಸುವ ಹಕ್ಕನ್ನು ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕಲಾವಿದರಿಗೆ ಕೊಡುತ್ತದೆ. ಬೋರ್ಡ್ ಉಜ್ಜಿ ಸವೆಯುವುದು ಈ ಕೃತಿಯ ಬಳಕೆಯೇ ಹೊರತು ಹಾನಿ ಅಲ್ಲ ಅಂತ ಮೊದಲೇ ಬರೆದುಕೊಳ್ಳಿ. ದುರಸ್ತಿ ಯಾರು ಮಾಡಬೇಕು, ಯಾವ ಆಕ್ಸೈಡ್ ಎಷ್ಟು ಕಲಸಬೇಕು, ಜಾಗ ಬದಲಿಸಬೇಕಾದರೆ ಕಲಾವಿದರಿಗೆ ಎಷ್ಟು ದಿನ ಮುಂಚೆ ತಿಳಿಸಬೇಕು, ಇವೂ ಅದರಲ್ಲಿರಲಿ.

ಕೊನೆಯದು ಗುಡಿಸುವುದು. ಒಂದು ಕಲ್ಲಿನ ಚೂರು ಸಾಕು, ಬೀಳಿಸುತ್ತದೆ. ಪೊರಕೆ ಇಡಲು ಒಂದು ಪೆಟ್ಟಿಗೆಯನ್ನು ಮೂಲ ನಕ್ಷೆಯಲ್ಲೇ ಸೇರಿಸಿ. ಅದರ ಕೀಲಿ ಅಲ್ಲಿ ದಿನಾ ಓಡಿಸುವ ಹುಡುಗ ಹುಡುಗಿಯರ ಹತ್ತಿರವೇ ಇರಲಿ.