ಒಂದೇ ಚೊಂಬನ್ನು ನಲವತ್ತು ಸಲ ಬರೆದೆ

2025ರ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆ ಮುಗಿಸಿ ರಾತ್ರಿ ಮೈಸೂರಿಗೆ ವಾಪಸ್ ಬಂದೆ. ಊಟವನ್ನೂ ಮಾಡದೆ ಅಟ್ಟದ ಮೇಲಿದ್ದ ಹಳೇ ಹಾಳೆಗಳ ಕಟ್ಟು ಇಳಿಸಿದೆ. ಚೊಂಬಿನ ಚಿತ್ರಗಳನ್ನು ಎಣಿಸಿದೆ. ನಲವತ್ತೊಂದು ಇತ್ತು. ನಾನು ಬರೆದ ಸೋಮನಾಥಪುರದ ಗುಡಿಯ ಚಿತ್ರ ಅವತ್ತು ಮಧ್ಯಾಹ್ನ ಹನ್ನೆರಡು ಸಾವಿರಕ್ಕೆ ಹೋಗಿತ್ತು. ಅದಕ್ಕೆ ಬುನಾದಿ ಈ ಚೊಂಬುಗಳೇ ಅಂತ ನನಗೆ ಆಗಲೇ ಗೊತ್ತಿತ್ತು. ಆದರೂ ಎಣಿಸಬೇಕು ಅನ್ನಿಸಿತು.

ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಚಿತ್ರ ಬರೆಯೋದು ಬೆಳಗ್ಗೆ ಒಂದು ಗಂಟೆ, ಭಾನುವಾರ ಇಡೀ ದಿನ. ಸುಮಾರು ಆರು ವರ್ಷ ನನ್ನ ಕೈ ಒಂದೇ ಕಡೆ ನಿಂತುಬಿಟ್ಟಿತ್ತು. ಫೋನಿನ ಫೋಟೊ ನೋಡಿ ಮುಖ ಬರೆದರೆ ಹೋಲಿಕೆ ಬರುತ್ತಿತ್ತು. ಶೇಡಿಂಗ್ ನುಣುಪಾಗಿರುತ್ತಿತ್ತು. ನೋಡಿದವರು ಚೆನ್ನಾಗಿದೆ ಅನ್ನುತ್ತಿದ್ದರು. ಆದರೆ ಎದುರಿಗೆ ಒಂದು ಕುರ್ಚಿ ಇಟ್ಟು ಬರೆ ಅಂದರೆ ಕಾಲುಗಳು ನೆಲ ಬಿಟ್ಟು ತೇಲುತ್ತಿದ್ದವು. ನಿಮ್ಮಲ್ಲಿ ತುಂಬ ಜನ ಇದೇ ಜಾಗದಲ್ಲಿ ಇದ್ದೀರಿ ಅಂತ ನನಗೆ ಗೊತ್ತು.

ಇದರಿಂದ ಹೊರಗೆ ಬರೋಕೆ ಮೊದಲು ದುಡ್ಡು ಸುರಿದೆ. ಒಂದು ಆನ್‌ಲೈನ್ ಕೋರ್ಸಿಗೆ ಹದಿನೆಂಟು ಸಾವಿರದ ಹತ್ತಿರ. ಪೆನ್ ಟ್ಯಾಬ್ಲೆಟ್ಟಿಗೆ ಒಂಬತ್ತು ಸಾವಿರ. ಅರವತ್ತು ಬಣ್ಣದ ಪೆನ್ಸಿಲ್ ಡಬ್ಬಿಗೆ ಇನ್ನೊಂದು ನಾಲ್ಕು ಸಾವಿರ. ಕೋರ್ಸಿನಲ್ಲಿ ವಾರಕ್ಕೊಂದು ಹೊಸ ವಿಷಯ. ಒಂದು ವಾರ ಕಣ್ಣು, ಮುಂದಿನ ವಾರ ಮರ, ಆಮೇಲೆ ಬಟ್ಟೆ ಮಡಿಕೆ. ಯಾವುದೂ ಕೈಗೆ ಕೂರುವ ಮೊದಲೇ ಮುಂದಕ್ಕೆ ಓಟ. ಟ್ಯಾಬ್ಲೆಟ್ ಈಗ ಮಗಳ ಹತ್ತಿರ ಇದೆ.

ಆಗ ಉಲ್ಟಾ ಯೋಚನೆ ಮಾಡಿದೆ. ಹೊಸ ವಿಷಯ ಬೇಡ. ನನಗೆ ತೀರಾ ಕಷ್ಟ ಅನ್ನಿಸುವ ಮೂರು ವಸ್ತು ಆರಿಸಿಕೊಂಡು, ಒಂದು ಮುಗಿಯುವ ತನಕ ಇನ್ನೊಂದನ್ನು ಮುಟ್ಟಬಾರದು. ಮೂರನ್ನೂ ಎದುರಿಗೆ ಕೂತು ನೋಡಿಯೇ ಬರೆಯಬೇಕು. ನಮ್ಮ ಭಾನುವಾರದ ಗುಂಪಿನಲ್ಲಿ ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. ಕಲಾಶಾಲೆಯಲ್ಲಿ ಓದಿದ ಹಿರಿಯರೊಬ್ಬರು, 'ಇಷ್ಟು ದಿನ ಚೊಂಬು ಬರೆದರೆ ಕೊನೆಗೆ ಕೈಗೆ ಸಿಗೋದೂ ಚೊಂಬೇ ಕಣಯ್ಯ' ಅಂದರು. ಎಲ್ಲರೂ ನಕ್ಕರು. ನನಗೆ ನೋವಾಯಿತು. ಆದರೆ ಹಟ ಬಂತು.

ಮೊದಲನೆಯದು ಅಡುಗೆಮನೆಯ ಸ್ಟೀಲ್ ಪಾತ್ರೆ. ಚೊಂಬನ್ನೇ ಯಾಕೆ ಆರಿಸಿದೆ ಅಂದರೆ ಅದರಲ್ಲಿ ಎಲ್ಲಾ ಕಷ್ಟಗಳೂ ಒಟ್ಟಿಗಿವೆ. ಬಾಯಿ ಒಂದು ಅಂಡಾಕಾರ, ಕುತ್ತಿಗೆ ಇನ್ನೊಂದು, ತಳ ಮತ್ತೊಂದು. ಮೂರೂ ಬೇರೆ ಬೇರೆ ಅಗಲ. ಕೆಳಗೆ ಹೋದಷ್ಟೂ ಅಂಡಾಕಾರ ತೆರೆದುಕೊಳ್ಳಬೇಕು. ನಾನು ತಳವನ್ನು ಚಪ್ಪಟೆಯಾಗಿ ಬರೆಯುತ್ತಿದ್ದೆ, ಯಾಕಂದರೆ ಚೊಂಬು ಮೇಜಿನ ಮೇಲೆ ಕೂತಿದೆ ಅಂತ ತಲೆಗೆ ಗೊತ್ತು. ಎರಡು ತುದಿಗಳು ಬಾದಾಮಿ ತರ ಚೂಪಾಗುತ್ತಿದ್ದವು. ಮೊದಲ ಹದಿನೈದು ಚಿತ್ರ ಈ ತಪ್ಪಿಗೇ ಹೋಯಿತು. ಸರಿ ಆದದ್ದು ಭುಜದಿಂದ ಕೈ ಆಡಿಸಲು ಶುರು ಮಾಡಿದ ಮೇಲೆ. ನಿಂತು ಬರೆದೆ. ಪೆನ್ಸಿಲ್ ತಾಗಿಸದೆ ಗಾಳಿಯಲ್ಲಿ ಮೂರು ಸುತ್ತು, ನಾಲ್ಕನೇ ಸುತ್ತಿಗೆ ಹಾಳೆ ಮುಟ್ಟೋದು.

ಆಮೇಲೆ ಹೊಳಪು. ಇಪ್ಪತ್ತನೇ ಚಿತ್ರದ ತನಕ ನನ್ನ ಸ್ಟೀಲ್ ಚೊಂಬು ಮಣ್ಣಿನ ಕುಡಿಕೆ ತರ ಕಾಣುತ್ತಿತ್ತು. ಎಲ್ಲ ಕಡೆ ನಯವಾಗಿ ತೀಡುತ್ತಿದ್ದೆ ನೋಡಿ, ಅದೇ ತಪ್ಪು. ಸ್ಟೀಲಿನಲ್ಲಿ ನಯವಾದ ಇಳಿಕೆ ತುಂಬ ಕಡಿಮೆ. ಅತೀ ಕಪ್ಪಿನ ಪಕ್ಕದಲ್ಲೇ ಅತೀ ಬಿಳಿ ಇರುತ್ತೆ, ನಡುವೆ ಗೆರೆ ಎಳೆದ ಹಾಗೆ. ಕಿಟಕಿ, ಗ್ಯಾಸ್ ಒಲೆ, ನನ್ನ ಅಂಗಿ, ಎಲ್ಲಾ ಅದರೊಳಗೆ ಉದ್ದುದ್ದ ಪಟ್ಟಿಗಳಾಗಿ ಸೇರಿಕೊಂಡಿರುತ್ತವೆ. ಟ್ಯೂಬ್‌ಲೈಟ್ ಆರಿಸಿ ಒಂದೇ ಬಲ್ಬ್ ಹಾಕಿದೆ. 6ಬಿ ಅನ್ನುವ ಮೆತ್ತಗಿನ ಪೆನ್ಸಿಲಿನಿಂದ ಕಪ್ಪು ಪಟ್ಟಿಗಳನ್ನು ಮೊದಲು ಕೂರಿಸಿದೆ. ಬೂದು ಬಣ್ಣಕ್ಕೆ ಆಮೇಲೆ ಕೈ ಹಾಕಿದೆ. ಇಪ್ಪತ್ತಾರನೇ ಚಿತ್ರ ನೋಡಿ ಅಮ್ಮ, 'ಇದು ನಮ್ಮ ನೆಗ್ಗಿದ ಚೊಂಬಲ್ವಾ?' ಅಂದಳು. ನೆಗ್ಗು ಇದೆ ಅಂತ ನಾನು ಹೇಳಿರಲಿಲ್ಲ. ಅವತ್ತು ನನಗೆ ಈ ದಾರಿ ಸರಿ ಅಂತ ಧೈರ್ಯ ಬಂತು.

ಖರ್ಚಿನ ಮಾತು ಹೇಳಿಬಿಡುತ್ತೇನೆ. ಇಷ್ಟು ಸಲ ಬರೆಯೋಕೆ ಒಳ್ಳೇ ಕಾಗದ ಕೊಂಡರೆ ಮನೆ ನಡೆಯಲ್ಲ. ಮುದ್ರಣಾಲಯಗಳಲ್ಲಿ ನ್ಯೂಸ್‌ಪ್ರಿಂಟ್ ಸುರುಳಿಯ ಕೊನೇ ಭಾಗ ಉಳಿಯುತ್ತೆ. ಅದನ್ನು ಕೆಜಿ ಲೆಕ್ಕದಲ್ಲಿ ತಂದೆ. ಇನ್ನೂರು ಮುನ್ನೂರು ರೂಪಾಯಿಗೆ ಐದಾರು ತಿಂಗಳು ಬಂತು. ಕಾರ್ಟ್ರಿಡ್ಜ್ ಅನ್ನುವ ದಪ್ಪ ಡ್ರಾಯಿಂಗ್ ಹಾಳೆ ಐದು ಚಿತ್ರಕ್ಕೆ ಒಂದು ಸಲ ಮಾತ್ರ. ದುಬಾರಿ ಹಾಳೆ ಮುಂದಿದ್ದರೆ ನನ್ನ ಕೈ ಹೆದರುತ್ತೆ. ನ್ಯೂಸ್‌ಪ್ರಿಂಟ್ ಮೇಲೆ ಆ ಹೆದರಿಕೆ ಇರಲ್ಲ. ಹಳದಿ ಆಗುತ್ತೆ ನಿಜ, ಆಗಲಿ.

ಎರಡನೆಯದು ಸೋಮನಾಥಪುರ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕಂದರೆ ಇಲ್ಲಿ ನಾನು ಜಾಸ್ತಿ ಸೋತೆ.

ಕೇಶವ ದೇವಾಲಯ 1258ರದ್ದು. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಮೂರು ಗರ್ಭಗುಡಿ, ಮೂರೂ ನಕ್ಷತ್ರಾಕಾರ. ಮೈಸೂರಿನಿಂದ ಬನ್ನೂರಿಗೆ ಬಸ್ಸು, ಅಲ್ಲಿಂದ ಇನ್ನೊಂದು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ಯುನೆಸ್ಕೊ ಪಟ್ಟಿಗೆ ಸೇರಿತು. ನಾನು ಹೋಗಲು ಶುರು ಮಾಡಿದ್ದು ಅದಾದ ಮೇಲೆಯೇ. ಹಾಗಾಗಿ ಹತ್ತು ಗಂಟೆ ಆದರೆ ಜನವೋ ಜನ. ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ದಪ್ಪ ಕಾಲುಚೀಲ ಒಯ್ಯಿರಿ. ಚಪ್ಪಲಿ ಹೊರಗೆ ಬಿಟ್ಟ ಮೇಲೆ ಹನ್ನೊಂದು ಗಂಟೆಯ ಕಲ್ಲು ಕಾಲು ಸುಡುತ್ತೆ.

ಮೊದಲ ಐದು ವಾರ ಪೂರ್ತಿ ವ್ಯರ್ಥ. ಅಂಗಳದಲ್ಲಿ ನೆಲದ ಮೇಲೆ ಕೂತು ಬರೆದೆ. ಗುಡಿ ನಿಂತಿರುವ ಜಗತಿ ಸುಮಾರು ಮೂರಡಿ ಎತ್ತರ. ಕೂತಾಗ ನನ್ನ ಕಣ್ಣಿನ ಮಟ್ಟವೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಜಗತಿಯ ಮೇಲಂಚು ನೇರ ಗೆರೆಯಾಗಿಬಿಟ್ಟಿತು. ನಕ್ಷತ್ರದ ಒಳಹೊರಗು ಕಾಣಲೇ ಇಲ್ಲ. ಗೋಡೆ ಸುಮ್ನೆ ಮಡಚಿದ ಕಾಗದದ ತರ ಇತ್ತು. ಅದರ ಮೇಲೆ ನಾನು ಆನೆ, ಕುದುರೆ, ಬಳ್ಳಿ ಅಂತ ಕೆತ್ತನೆ ತುಂಬಿಸುತ್ತಾ ಕೂತೆ. ಎರಡು ಭಾನುವಾರ ಬರೀ ಆನೆ ಪಟ್ಟಿಕೆಗೆ ಹೋಯಿತು. ಕೊನೆಗೆ ನೋಡಿದರೆ ಆನೆಗಳು ಚೆನ್ನಾಗಿವೆ, ಗುಡಿ ವಾಲಿದೆ.

ಆರನೇ ವಾರ ಜಾಗ ಬದಲಿಸಿದೆ. ಸುತ್ತಿನ ಕೈಸಾಲೆ ಕಟ್ಟೆಯ ಮೇಲೆ ನಿಂತು ನೋಡಿದೆ. ಕಣ್ಣು ಮೇಲೆ ಹೋದ ತಕ್ಷಣ ಜಗತಿಯ ಮೂಲೆಗಳು ಬಿಚ್ಚಿಕೊಂಡವು.

ಆದರೂ ಗೆರೆಗಳು ಎಲ್ಲಿಗೆ ಓಡುತ್ತಿವೆ ಅನ್ನೋದು ಹಿಡಿತಕ್ಕೆ ಸಿಗಲಿಲ್ಲ. ಪ್ರತಿ ಮೂಲೆಯೂ ಬೇರೆ ದಿಕ್ಕಿಗೆ ತಿರುಗಿದೆ. ಎರಡು ಬಿಂದುವಿನ ಪರ್ಸ್‌ಪೆಕ್ಟಿವ್, ಅಂದರೆ ಕಟ್ಟಡದ ಅಡ್ಡ ಗೆರೆಗಳೆಲ್ಲಾ ದೂರದ ಎರಡೇ ಬಿಂದುಗಳಿಗೆ ಹೋಗಿ ಸೇರುವ ಲೆಕ್ಕ, ಇಲ್ಲಿ ಕೈಕೊಡುತ್ತೆ. ಮನೆಗೆ ಬಂದು ಹಳೇ ಲಗ್ನಪತ್ರಿಕೆಯಿಂದ ಒಂದೇ ಅಳತೆಯ ನಾಲ್ಕು ಚೌಕ ಕತ್ತರಿಸಿದೆ. ನಡುವೆ ಗುಂಡುಪಿನ್ನು ಚುಚ್ಚಿದೆ. ಒಂದೊಂದನ್ನೂ ಹಿಂದಿನದಕ್ಕಿಂತ 22.5 ಡಿಗ್ರಿ ತಿರುಗಿಸಿದೆ. ಹದಿನಾರು ಮೂಲೆಯ ನಕ್ಷತ್ರ ಬಂತು! ಗರ್ಭಗುಡಿಯ ಆಕಾರ ಅದೇ. ಮಂಟಪಕ್ಕೆ ಅಂಟಿಕೊಂಡ ಕಡೆಯ ಮೂಲೆಗಳು ಮಾತ್ರ ಒಳಗೆ ಮುಚ್ಚಿಹೋಗಿವೆ. ಪ್ರತಿ ಮೂಲೆಯೂ ಚೌಕದ ಮೂಲೆಯೇ, ಅಂದರೆ 90 ಡಿಗ್ರಿ. ನಾಲ್ಕು ಚೌಕಕ್ಕೆ ಒಟ್ಟು ಎಂಟೇ ದಿಕ್ಕು. ಗೋಡೆ ಎಷ್ಟು ಸಲ ಮುರಿದರೂ ಗೆರೆಗಳು ಓಡೋದು ಈ ಎಂಟು ದಿಕ್ಕಿಗೆ ಮಾತ್ರ, ಒಂದೊಂದು ದಿಕ್ಕಿನವು ಒಂದೊಂದು ಬಿಂದುವಿಗೆ ಹೋಗಿ ಸೇರುತ್ತವೆ, ಆ ಬಿಂದುಗಳೆಲ್ಲಾ ಕಣ್ಣಿನ ಮಟ್ಟದ ಒಂದೇ ಗೆರೆಯ ಮೇಲಿರುತ್ತವೆ. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಕೆಲವು ಬಿಂದುಗಳು ಹಾಳೆಯಿಂದ ಮೂರು ನಾಲ್ಕು ಅಡಿ ಆಚೆ ಬೀಳುತ್ತವೆ. ಹಾಳೆಯನ್ನು ಮನೆಯ ಗೋಡೆಗೆ ಅಂಟಿಸಿದೆ. ಕಣ್ಣಿನ ಮಟ್ಟದಲ್ಲಿ ಗೋಡೆಗೆ ಮೊಳೆ ಹೊಡೆದು ದಾರ ಕಟ್ಟಿ ಎಳೆದೆ. ಹೆಂಡತಿ ಗೋಡೆ ನೋಡಿ ಬೈದಳು, ಸುಣ್ಣ ಹೊಡೆಸಲು ಎಂಟುನೂರು ಆಯಿತು. ಈ ಅಸ್ಥಿಪಂಜರವನ್ನು ತೆಳುವಾಗಿ ಹಾಕಿಕೊಂಡು ಮತ್ತೆ ಸೋಮನಾಥಪುರಕ್ಕೆ ಹೋಗಿ, ಕೆತ್ತನೆಯನ್ನು ಅಲ್ಲೇ ನಿಂತು ಬರೆದೆ. ಫೋಟೊ ನೋಡಿ ಬರೆಯಬೇಡಿ. ಫೋನಿನ ಅಗಲ ಲೆನ್ಸು ಅಂಚಿನ ಮೂಲೆಗಳನ್ನು ಎಳೆದುಬಿಡುತ್ತೆ, ಲೆಕ್ಕ ತಪ್ಪುತ್ತೆ.

ಬೆಳಕಿಗೆ ಡಿಸೆಂಬರ್ ಒಳ್ಳೇದು. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಡೆ ಇರುವ ವೇಣುಗೋಪಾಲನ ಗರ್ಭಗುಡಿಯ ಹೊರಗೋಡೆ ಬೆಳಗ್ಗೆ ಒಂದು ಮುಖ ಬೆಳಕು, ಒಂದು ಮುಖ ನೆರಳು ಅಂತ ಸಾಲಾಗಿ ಎದ್ದು ಕಾಣುತ್ತೆ. ನೆರಳನ್ನು ಮೊದಲ ಇಪ್ಪತ್ತು ನಿಮಿಷದಲ್ಲಿ ಗುರುತು ಹಾಕಿಬಿಡಬೇಕು. ಆಮೇಲೆ ನೆರಳು ಎಷ್ಟೇ ಜರುಗಲಿ, ತಿದ್ದಲು ಹೋಗಬಾರದು. ಅಲ್ಲಿನ ಎಷ್ಟೋ ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರು ಕೆತ್ತಿದೆ. ವಾರಗಟ್ಟಲೆ ಅದೇ ಗೋಡೆ ನೋಡುತ್ತಾ ನಿಂತವನಿಗೆ ಆ ಅಕ್ಷರ ಕಂಡಾಗ ಮೈ ಜುಮ್ಮೆಂದಿತು.

ಒಟ್ಟು ಹತ್ತೊಂಬತ್ತೋ ಇಪ್ಪತ್ತೋ ಸಲ ಹೋದೆ. ಬಸ್ಸು, ಟಿಕೆಟ್ಟು, ಎಳನೀರು ಸೇರಿ ಸಲಕ್ಕೆ ಇನ್ನೂರು ರೂಪಾಯಿ. ಕೊನೆಯ ಚಿತ್ರದಲ್ಲಿ ಕೆತ್ತನೆ ಪೂರ್ತಿ ತುಂಬಿದ್ದು ಎರಡು ಮೂಲೆಗೆ ಮಾತ್ರ. ಉಳಿದದ್ದು ಗೆರೆ ಮತ್ತು ನೆರಳು. ಕಲ್ಲಿನ ಹಸಿರು ಬೂದು ಛಾಯೆ ಪೆನ್ಸಿಲಿನಲ್ಲೇ ಹೇಗೆ ಬಂತು ಅಂತ ಸಂತೆಯಲ್ಲಿ ತುಂಬ ಜನ ಕೇಳಿದರು. ಹಾಳೆಗೆ ಮೊದಲೇ ಒಂದು ಕೆಲಸ ಮಾಡಿಕೊಂಡಿರುತ್ತೇನೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಅಡ್ಡದಾರಿ ಹಿಡಿದೆ. ಮೈಸೂರು ಶೈಲಿಯ ಹಳೇ ಚಿತ್ರಕಾರರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ಗೆರೆ ಹಾಕುತ್ತಿದ್ದರು. ನಾನೂ ಮಾಡಿ ನೋಡೋಣ ಅಂತ ಹೊರಟೆ. ಬೆರಳಿಗಿಂತ ತೆಳುವಾದ ಕಡ್ಡಿ, ತೊಗಟೆ ಹೆರೆದು ಒಣಗಿಸಿ, ಬಿಸ್ಕತ್ತಿನ ತಗಡಿನ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ತೂತು. ಸ್ನಾನದ ಒಲೆಯಲ್ಲಿ ಇಟ್ಟೆ. ಮೊದಲ ಸಲ ಆತುರಕ್ಕೆ ಬಿಸಿ ಇರುವಾಗಲೇ ಮುಚ್ಚಳ ತೆಗೆದೆ. ಗಾಳಿ ತಾಗಿದ ತಕ್ಷಣ ಕೆಂಡವಾಗಿ ಎಲ್ಲಾ ಬೂದಿ. ಎರಡನೇ ಸಲ ಒಳಗೆ ಹಸಿ ಉಳಿದು, ಗೆರೆ ಕಂದು ಬಣ್ಣಕ್ಕೆ ಬಂತು. ಮೂರನೇ ಸಲ ತೂತಿನಿಂದ ಹೊಗೆ ಪೂರ್ತಿ ನಿಲ್ಲುವ ತನಕ ಕಾದು, ಇಡೀ ರಾತ್ರಿ ಆರಲು ಬಿಟ್ಟೆ. ಮೆತ್ತಗಿನ, ಒಳ್ಳೇ ಕಪ್ಪು ಕಡ್ಡಿ ಸಿಕ್ಕಿತು. ಬಟ್ಟೆಯಲ್ಲಿ ಬಡಿದರೆ ಗೆರೆ ಗುರುತಿಲ್ಲದೆ ಹೋಗುತ್ತೆ. ಅಂಗಡಿಯ ಇದ್ದಿಲು ನಾನು ಆಮೇಲೆ ಕೊಂಡಿಲ್ಲ. ಇದ್ದಿಲು ಉದುರದಂತೆ ಹೇರ್‌ಸ್ಪ್ರೇ ಹೊಡೆಯುವ ಸಲಹೆ ಮಾತ್ರ ಕೇಳಬೇಡಿ. ನನ್ನ ಎರಡು ಚಿತ್ರ ಕಲೆಕಲೆಯಾಗಿ ಹಾಳಾದವು.

ಮೂರನೆಯದು ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಪೆನ್ನಿನಲ್ಲಿ ಮಾತ್ರ, ರಬ್ಬರ್ ಮನೆಯಲ್ಲೇ. ಅಲುಗಾಡುವ ಜನರನ್ನು ಹಿಡಿಯೋದು ನನಗೆ ದೊಡ್ಡ ಭಯ. ಜೆಲ್ ಪೆನ್ ಒಯ್ದು ಮೊದಲ ದಿನವೇ ಕೆಟ್ಟೆ. ಹೂವಿಗೆ ನೀರು ಚಿಮುಕಿಸುತ್ತಲೇ ಇರುತ್ತಾರೆ, ನಾಲ್ಕು ಹನಿ ಬಿದ್ದು ಎಲ್ಲಾ ಹರಡಿತು. ಆಮೇಲೆ ನೀರಿಗೆ ಜಗ್ಗದ ಶಾಯಿಯ ಪೆನ್ನು ತಂದೆ.

ಎರಡು ತಿಂಗಳು ಅರ್ಧಂಬರ್ಧ ಮನುಷ್ಯರೇ ಹಾಳೆ ತುಂಬ. ಕೈ ಬರೆಯುವಷ್ಟರಲ್ಲಿ ಕೈ ಇಲ್ಲ. ಒಂದು ದಿನ ಹೂವಿನವರ ಕೈಯನ್ನೇ ನೋಡುತ್ತಾ ಕೂತಿದ್ದೆ. ಮೊಳ ಹಾಕುವಾಗ ಮೊಣಕೈಯಿಂದ ಬೆರಳ ತುದಿಗೆ ಹೂವು ಎಳೆಯುತ್ತಾರಲ್ಲ, ಪ್ರತಿ ಮೊಳಕ್ಕೂ ತೋಳು ಅದೇ ಭಂಗಿಗೆ ವಾಪಸ್ ಬರುತ್ತೆ. ನಾಲ್ಕು ಮೊಳ ಕೊಂಡರೆ ನಾಲ್ಕು ಸಲ ಅದೇ ಭಂಗಿ. ಮೊದಲ ಮೊಳಕ್ಕೆ ಭುಜ, ಎರಡನೆಯದಕ್ಕೆ ಮೊಣಕೈ, ಮೂರನೆಯದಕ್ಕೆ ಬೆರಳು. ಆಮೇಲೆ ಎಲ್ಲರಲ್ಲೂ ಇದು ಕಾಣತೊಡಗಿತು. ವೀಳ್ಯದೆಲೆ ಎಣಿಸುವವರು, ಕುಂಕುಮ ತೂಗುವವರು, ಎಲ್ಲರೂ ತಿರುಗಿ ಅದೇ ಜಾಗಕ್ಕೆ ಬರುತ್ತಾರೆ. ನಾನು ಕಾಯಬೇಕು ಅಷ್ಟೇ. ಒಬ್ಬ ಅಕ್ಕ ನನ್ನ ಪುಸ್ತಕ ಇಣುಕಿ, 'ಸ್ವಾಮಿ, ಇದು ನಮ್ಮ ಅತ್ತೆ ಕೂತ್ಕೊಳ್ಳೋ ತರಾನೇ ಇದೆ' ಅಂದರು. ಮುಖ ನಾನು ಬರೆದೇ ಇರಲಿಲ್ಲ. ಬೆನ್ನು ನೋಡಿಯೇ ಗುರುತು ಹಿಡಿದಿದ್ದರು.

ಸಂತೆಗೆ ಇಬ್ಬರು ಗೆಳೆಯರ ಜೊತೆ ಜಾಗ ಹಂಚಿಕೊಂಡೆ. ಕುಮಾರಕೃಪಾ ರಸ್ತೆಯಲ್ಲಿ ಬೆಳಗ್ಗೆ ಎಂಟಕ್ಕೇ ಕಾಲಿಡಲು ಜಾಗ ಇರಲಿಲ್ಲ. ನನ್ನ ಪಾಲಿನ ಖರ್ಚು, ಫ್ರೇಮು ಬಿಟ್ಟು, ಮೂರು ಸಾವಿರದ ಹತ್ತಿರ. ಫ್ರೇಮಿಗೇ ಏಳು ಸಾವಿರ ಹೋಯಿತು, ಅದು ನನ್ನ ಲೆಕ್ಕದ ತಪ್ಪು. ಮಾರುಕಟ್ಟೆಯ ಚಿಕ್ಕ ಚಿತ್ರಗಳನ್ನು ಬರೀ ಮೌಂಟ್, ಅಂದರೆ ಸುತ್ತ ರಟ್ಟಿನ ಅಂಚು, ಹಾಕಿ ಇಟ್ಟಿದ್ದರೆ ಸಾಕಿತ್ತು. ಜನ ಒಯ್ದದ್ದು ಅವನ್ನೇ ಜಾಸ್ತಿ, ಒಂದಕ್ಕೆ ಎಂಟುನೂರರಿಂದ ಸಾವಿರ ರೂಪಾಯಿಯ ಹಾಗೆ ಹದಿನಾಲ್ಕು ಹೋದವು. ಸೋಮನಾಥಪುರದ ಹನ್ನೆರಡು ಸಾವಿರ ಬೇರೆ. ಚೊಂಬಿನದ್ದು ಒಂದೇ ಇಟ್ಟಿದ್ದೆ, ಬೆಲೆ ಹಾಕಿರಲಿಲ್ಲ. ಮೂರು ಜನ ಕೇಳಿದರು, ಕೊಡಲಿಲ್ಲ. ಅದನ್ನು ನಮ್ಮ ಗುಂಪಿನ ಆ ಹಿರಿಯರಿಗೆ ತಂದುಕೊಟ್ಟೆ. ಅವರು ತುಂಬ ಹೊತ್ತು ನೋಡಿ, 'ತಳದ ಅಂಡಾಕಾರ ಸರಿಯಾಗಿ ಕೂತಿದೆ' ಅಂದರು. ಈಗ ಅವರ ಮನೆಯ ಗೋಡೆ ಮೇಲಿದೆ.

ಈಗ ಬನ್ನೂರು ರಸ್ತೆಯ ಪಕ್ಕದ ಒಂದು ಆಲೆಮನೆಗೆ ಹೋಗುತ್ತಿದ್ದೇನೆ. ನಸುಕಿನಲ್ಲಿ ಕೊಪ್ಪರಿಗೆಯಿಂದ ಏಳುವ ಹಬೆ, ಹಿಂದೆ ಒಲೆಯ ಬೆಂಕಿ, ನಡುವೆ ಪಾಕ ತಿರುವುವ ಮನುಷ್ಯ. ಇಡೀ ಹಾಳೆಗೆ ಹುಣಸೆ ಇದ್ದಿಲು ಬಳಿದು, ಬೆಳಕನ್ನು ರಬ್ಬರಿನಿಂದ ತೆಗೆಯುತ್ತಿದ್ದೇನೆ. ಎಂಟು ಹಾಳೆ ಆಗಿದೆ. ಬೆಂಕಿ ಬಂದಿದೆ, ಮನುಷ್ಯ ಬಂದಿದ್ದಾನೆ, ಹಬೆ ಇನ್ನೂ ಹತ್ತಿಯ ಹಾಗೆ ಕಾಣುತ್ತಿದೆ.