ಮೈಕ್ರಾನ್ ಶೇರು ತಗೊಳ್ಳೋ ಮುಂಚೆ ನಾನು ನೋಡಿದ್ದು ದಾಸ್ತಾನು ಲೆಕ್ಕ

ಪಿಇ (ಶೇರಿನ ರೇಟನ್ನ ಒಂದು ಶೇರಿನ ಲಾಭದಿಂದ ಭಾಗಿಸಿದ್ರೆ ಬರೋ ಅಂಕಿ) ಕಮ್ಮಿ ಇದೆ, ಶೇರು ಅಗ್ಗ ಸಿಕ್ತಿದೆ ಅಂತ ಚಿಪ್ ಕಂಪನಿ ವಿಷಯದಲ್ಲಿ ದಯವಿಟ್ಟು ಅಂದ್ಕೋಬೇಡಿ, ಅದರಲ್ಲೂ ಮೆಮೊರಿ ಚಿಪ್ ಮಾಡೋರ ವಿಷಯದಲ್ಲಂತೂ ಬೇಡವೇ ಬೇಡ. ಅಮೆರಿಕದ ಮೆಮೊರಿ ಚಿಪ್ ಕಂಪನಿ ಮೈಕ್ರಾನ್ ಉದಾಹರಣೆನೇ ನೋಡಿ, 2022ರ ಹಣಕಾಸು ವರ್ಷದಲ್ಲಿ ಒಂದು ಶೇರಿಗೆ 7.75 ಡಾಲರ್ ಲಾಭ, ವರ್ಷ ಮುಗಿಯೋ ಹೊತ್ತಿಗೆ ಶೇರಿನ ರೇಟು 60ರ ಕೆಳಗೆ, ಅಂದ್ರೆ ಪಿಇ ಎಂಟೂ ಮುಟ್ಟಲ್ಲ. ಮುಂದಿನ ವರ್ಷ ವ್ಯಾಪಾರ 30.8 ಬಿಲಿಯನ್‌ನಿಂದ 15.5 ಬಿಲಿಯನ್‌ಗೆ ಬಿತ್ತು, 5.8 ಬಿಲಿಯನ್ ನಷ್ಟ.

ನಮ್ಮದು ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ. ರೇಟು ಏರಿದಾಗ ಎಲ್ಲರೂ ಖುಷಿಯಾಗಿರ್ತಾರೆ, ಅಪ್ಪ ಮಾತ್ರ ಯಾರ ಅಟ್ಟದಲ್ಲಿ ಎಷ್ಟು ಮಾಲು ಕೂತಿದೆ ಅಂತ ವಿಚಾರಿಸ್ತಾ ಇರ್ತಾರೆ. "ರೇಟ್ ಆಮೇಲೆ ನೋಡ್ಲಾ, ಮಾಲು ಎಷ್ಟಿದೆ ಮೊದ್ಲು ತಿಳ್ಕೋ" ಅಂತಾರೆ. ಕಂಪ್ಯೂಟರ್, ಫೋನಲ್ಲಿರೋ ಡಿರಾಮ್ ಅನ್ನೋ ಮೆಮೊರಿ ಚಿಪ್ಪೂ ಹಾಗೇನೇ, ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ ಜನ ದೊಡ್ಡೋರು, ಯಾರದ್ದಾದ್ರೂ ಹೆಚ್ಚುಕಮ್ಮಿ ಒಂದೇ ಮಾಲು, ಜಾಸ್ತಿ ಬಂದ್ರೆ ರೇಟು ಬಿದ್ದೇ ಬೀಳುತ್ತೆ.

ಅದಕ್ಕೇ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿ ಇನ್ವೆಂಟರಿ, ಅಂದ್ರೆ ದಾಸ್ತಾನಿನ ಸಾಲು ಹುಡುಕ್ದೆ. ಲೆಕ್ಕ ಸುಲಭ, ಇನ್ವೆಂಟರಿನ ಮಾರಿದ ಮಾಲಿನ ವೆಚ್ಚದಿಂದ ಭಾಗಿಸಿ 365ರಿಂದ ಗುಣಿಸಿದ್ರೆ ಎಷ್ಟು ದಿನದ ಮಾಲು ಕೂತಿದೆ ಅಂತ ಬರುತ್ತೆ. 2021ಕ್ಕೆ ಸುಮಾರು 95 ದಿನ ಬಂತು, 2022ಕ್ಕೆ 144, 2023ಕ್ಕೆ 180. ಅಂದ್ರೆ ಲಾಭ ಚೆನ್ನಾಗಿ ಕಾಣ್ತಿದ್ದ 2022ರಲ್ಲೇ ಮಾಲು ಗುಡ್ಡೆ ಬೀಳೋಕೆ ಶುರುವಾಗಿತ್ತು, ಅದೇ ವರ್ಷ ಹೊಸ ಮಷೀನು, ಕಟ್ಟಡ ಅಂತ 12 ಬಿಲಿಯನ್ ಬೇರೆ ಸುರಿದಿದ್ರು. ಇದು ಪಿಇಯಲ್ಲಿ ಎಲ್ಲಿ ಕಾಣುತ್ತೆ ಹೇಳಿ?

ನಾನು ತಗೊಂಡಿದ್ದು 2023ರ ಕೊನೆಯಲ್ಲಿ, ನಷ್ಟದ ರಿಸಲ್ಟ್ ಬಂದ ಮೇಲೆ, ಸ್ವಲ್ಪ ಸ್ವಲ್ಪ. 180 ದಿನದ ಮಾಲು ಕೂತಿದ್ರೂ ಯಾಕೆ ತಗೊಂಡೆ ಅಂದ್ರೆ, ಅಷ್ಟೊತ್ತಿಗೆ ಮೂರೂ ಕಂಪನಿ ಉತ್ಪಾದನೆ ಕಡಿತ ಮಾಡಿದ್ವು, ಅಲ್ಲಿವರೆಗೂ ಕಡಿತ ಮಾಡಲ್ಲ ಅಂತಿದ್ದ ಸ್ಯಾಮ್ಸಂಗೇ ಏಪ್ರಿಲ್‌ನಲ್ಲಿ ಒಪ್ಕೊಂಡಿತ್ತು. ನನಗೆ ಅದೇ ಗಟ್ಟಿ ಸುಳಿವು. 2024ಕ್ಕೆ ವ್ಯಾಪಾರ 25 ಬಿಲಿಯನ್‌ಗೆ ಬಂತು, ಎಐಗೆ ಬೇಕಾಗೋ ಎಚ್‌ಬಿಎಂ ಮೆಮೊರಿಗೆ ಬೇಡಿಕೆ ಬಂದಿದ್ದೂ ಕೈ ಹಿಡೀತು.

ಗುಜರಾತಿನ ಸಾಣಂದ್‌ನಲ್ಲಿರೋ ಮೈಕ್ರಾನ್ ಪ್ಲಾಂಟ್ ನೋಡಿ ತಗೊಂಡ್ಯಾ ಅಂತ ಫ್ರೆಂಡ್ಸ್ ಕೇಳ್ತಾರೆ. ಇಲ್ಲ. ಅಲ್ಲಿ ಆಗೋದು ಅಸೆಂಬ್ಲಿ ಮತ್ತೆ ಟೆಸ್ಟಿಂಗ್, ಒಟ್ಟು 2.75 ಬಿಲಿಯನ್ ಡಾಲರ್‌ನಲ್ಲಿ ಕಂಪನಿ ಕೈಯಿಂದ ಹೋಗೋದು 825 ಮಿಲಿಯನ್ ತನಕ, ಉಳಿದಿದ್ದು ಕೇಂದ್ರದ್ದು, ಗುಜರಾತಿಂದು. ದೇಶಕ್ಕೆ ಒಳ್ಳೇದೇ, ನನಗೂ ಹೆಮ್ಮೆನೇ, ಆದ್ರೆ ಶೇರಿನ ರೇಟು ನಿಂತಿರೋದು ಡಿರಾಮ್ ದರದ ಮೇಲೆ.



2025ರ ವರ್ಷದಲ್ಲಿ ಮೈಕ್ರಾನ್ ಮತ್ತೆ 13.8 ಬಿಲಿಯನ್ ಕಟ್ಟಡ, ಮಷೀನಿಗೆ ಹಾಕಿದೆ. ಹೊಸ ಮಷೀನು ಅಂದ್ರೆ ಮುಂದೆ ಮತ್ತೆ ಜಾಸ್ತಿ ಮಾಲು ಬರಬಹುದು, ಅದಕ್ಕೇ ಆ ಅಂಕಿ ನೋಡಿದ್ಮೇಲೆ ನಾನು ಹೊಸದಾಗಿ ತಗೊಳ್ಳೋದು ನಿಲ್ಲಿಸಿದೀನಿ, ಇರೋದನ್ನ ಇಟ್ಕೊಂಡಿದೀನಿ, ಪ್ರತಿ ಕ್ವಾರ್ಟರ್ ರಿಸಲ್ಟ್ ಬಂದಾಗ ಮೊದಲು ದಾಸ್ತಾನು ಎಷ್ಟು ದಿನದ್ದು ಅಂತ ಲೆಕ್ಕ ಹಾಕ್ತೀನಿ, ಎರಡು ಕ್ವಾರ್ಟರ್ ಸತತ ಏರಿದ್ರೆ ಅರ್ಧ ಮಾರ್ತೀನಿ.