ಶಿಬಿರದ ತಂಡಗಳನ್ನು ನಾನು ಹಂಚುವ ಬಗೆ

ಶಿಡ್ಲಘಟ್ಟ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯಾಗಿರುವ ನನಗೆ, ಹರೆಯದವರ ನಡವಳಿಕೆಯನ್ನು ತಿದ್ದುವುದರಲ್ಲಿ ಉಪದೇಶಕ್ಕಿಂತ ಅವರು ಯಾರೊಡನೆ ಸೇರಿ ಯಾವ ಕೆಲಸ ಮಾಡುತ್ತಾರೆ ಎಂಬುದೇ ಮುಖ್ಯವೆಂದು ಮನವರಿಕೆಯಾಗಿದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ರೇಷ್ಮೆ ಬೆಳೆಗಾರರ ಮನೆಯವರು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಆರಿಸಿ, ಅದು ಗೂಡು ಕಟ್ಟಲೆಂದೇ ಇಡುವ ಚಂದ್ರಿಕೆ ಎಂಬ ತಟ್ಟೆಗೆ ಬಿಡಲು ತಡವಾದರೆ ಅದು ಸೊಪ್ಪಿನಲ್ಲೇ ಗೂಡು ಕಟ್ಟಿ ನಷ್ಟವಾಗುವುದರಿಂದ, ಆ ಹೊತ್ತಿಗೆ ಅಕ್ಕಪಕ್ಕದವರು ಮುಯ್ಯಾಳಾಗಿ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡುವವರಾಗಿ, ಬರುತ್ತಾರೆ. ಮಕ್ಕಳೂ ನಿದ್ದೆಗೆಟ್ಟು ಕೈಜೋಡಿಸುತ್ತಾರೆ. ಕೊಟ್ಟ ಮಾತಿಗೆ ಹೋಗಲೇಬೇಕು, ಪಡೆದ ಸಹಾಯವನ್ನು ತೀರಿಸಲೇಬೇಕು ಎಂಬುದು ಅವರಿಗೆ ಬಂದಿರುವುದು ಅಲ್ಲಿಂದ. ಆದರೆ ಈ ಮುಯ್ಯಿ ಬಹುಮಟ್ಟಿಗೆ ನೆಂಟರು, ಒಂದೇ ಕೇರಿಯವರು ಎಂಬ ಗೆರೆಯೊಳಗೇ ಮುಗಿಯುತ್ತದೆ. ಕಾಲೇಜಿನಲ್ಲಿ ಊಟದ ಡಬ್ಬಿ ಬಿಚ್ಚಲು ಕೂಡುವ ಗುಂಪುಗಳಲ್ಲೂ ಅದೇ ಗೆರೆ ಕಾಣುತ್ತದೆ.

ಅದನ್ನು ದಾಟಿಸಲು ನನಗೆ ದೊರೆಯುವ ಒಳ್ಳೆಯ ಅವಕಾಶವೆಂದರೆ ಏಳು ದಿನಗಳ ವಿಶೇಷ ಶಿಬಿರ. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸುತ್ತಾರಾದರೂ, ಹಳ್ಳಿಯೊಂದರಲ್ಲಿ ಒಟ್ಟಿಗೆ ಉಂಡು ಮಲಗುವ ದಿನಗಳ ಪರಿಣಾಮವೇ ಬೇರೆ. ತಂಡಗಳನ್ನು ಅವರೇ ಆರಿಸಿಕೊಳ್ಳಲು ನಾನು ಬಿಡುವುದಿಲ್ಲ. ಒಂದೇ ಊರಿನವರು, ಒಂದೇ ಬಸ್ಸಿನಲ್ಲಿ ಬರುವವರು ಬೇರೆ ಬೇರೆ ತಂಡಕ್ಕೆ ಸೇರುವಂತೆ ಪಟ್ಟಿ ಮಾಡುತ್ತೇನೆ. ಅಡುಗೆ, ಕಲ್ಯಾಣಿಯ ಹೂಳೆತ್ತುವುದು, ಶೌಚಾಲಯ ತೊಳೆಯುವುದು ಎಲ್ಲ ತಂಡಗಳಿಗೂ ಸರದಿಯಂತೆ ಬರುತ್ತವೆ. ಮೊದಲ ದಿನ ಶೌಚಾಲಯದ ಪೊರಕೆ ಹಿಡಿಯುವವನು ನಾನೇ.

ಜೊತೆಗಿದ್ದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ. ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಹಿರಿಯರ ಅಥವಾ ಸಂಸ್ಥೆಯ ಬೆಂಬಲ ಇವು ಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಿವರಿಸಿದ್ದರು. ಒಂದು ಶಿಬಿರದಲ್ಲಿ, ಬೇರೆ ಕೇರಿಯ ಹುಡುಗ ಕಟ್ಟಿದ ಮುದ್ದೆಯನ್ನು ತಟ್ಟೆಗೆ ಹಾಕಿಸಿಕೊಳ್ಳದೆ ಸರಿದುಹೋದ ವಿದ್ಯಾರ್ಥಿಯೊಬ್ಬನನ್ನು ನಾನು ಗದರಲಿಲ್ಲ. ಮರುದಿನ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಹೂಳಿನ ಬಾಂಡ್ಲಿ ದಾಟಿಸುವ ಸಾಲಿನಲ್ಲಿ ಅವರಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದೆ. ಮೇಲಿನವನು ಹಿಡಿಯುವ ಮುನ್ನ ಕೆಳಗಿನವನು ಬಿಟ್ಟರೆ ಬಾಂಡ್ಲಿ ಉರುಳಿ ಯಾರದಾದರೂ ಕಾಲಿಗೆ ಪೆಟ್ಟಾಗುತ್ತದೆ. ‘ಹಿಡ್ಕೊಂಡ್ಯೇನೋ?’ ‘ಹಿಡ್ಕೊಂಡೆ, ಬಿಡೋ’ ಎಂದು ಮಾತನಾಡದೆ ಆ ಕೆಲಸ ಸಾಗುವಂತೆಯೇ ಇರಲಿಲ್ಲ. ಶಿಬಿರ ಮುಗಿಯುವ ಮುನ್ನ ಆ ವಿದ್ಯಾರ್ಥಿ ಎಲ್ಲರಂತೆ ಮುದ್ದೆ ಹಾಕಿಸಿಕೊಂಡು ಉಂಡ.

ಊರಿಗೆ ಮರಳಿದ ಮೇಲೆ ಮನೆಯ ರೂಢಿ ಮತ್ತೆ ಎಳೆಯುತ್ತದೆಯಾದ್ದರಿಂದ, ಅದೇ ತಂಡಗಳನ್ನು ವರ್ಷವಿಡೀ ಉಳಿಸಿಕೊಳ್ಳುತ್ತೇನೆ. ಸಮಾರೋಪದ ದಿನ ಮಕ್ಕಳೇ ಮಾಡಿದ ಅಡುಗೆ ಉಣ್ಣಲು ತಂದೆತಾಯಿಯರನ್ನು ಕರೆಯುತ್ತೇನೆ. ಬಾರದವರ ಮನೆಗೆ ನಾನೇ ಹೋಗಿ ಕುಳಿತು ಮಾತನಾಡುತ್ತೇನೆ.